ಮಂಡಿಗೆ ಹೋಗುವ ಕಡಲೆಕಾಯಿ ಮನೆಯ ತಟ್ಟೆಗೂ ಬರಲಿ

ಕಡಲೆಕಾಯಿ, ಶೇಂಗಾ, ನೆಲಗಡಲೆ - ಯಾವ ಹೆಸರಿನಿಂದ ಕರೆದರೂ ನಮ್ಮ ಒಣಬೇಸಾಯದ ರೈತನಿಗೆ ಇದು ಹಣದ ಬೆಳೆ. ಪಾವಗಡ, ಶಿರಾ, ಚಳ್ಳಕೆರೆ, ಮೊಳಕಾಲ್ಮೂರುಗಳ ಕೆಂಪು ನೆಲದಿಂದ ಹಿಡಿದು ಗದಗ, ಕೊಪ್ಪಳ, ರಾಯಚೂರಿನವರೆಗೆ ಸಾವಿರಾರು ಕುಟುಂಬಗಳು ಈ ಬೆಳೆಯನ್ನು ನಂಬಿವೆ. ಕಾಯಿ ಕಣಕ್ಕೆ ಬಂದ ಕೂಡಲೇ ಬ್ಯಾಂಕಿನ ಸಾಲ, ಗೊಬ್ಬರದಂಗಡಿಯ ಬಾಕಿ, ಮಕ್ಕಳ ಓದಿನ ಖರ್ಚು ಎಲ್ಲವೂ ಕಣ್ಣ ಮುಂದೆ ನಿಲ್ಲುತ್ತವೆ. ತುಂಬಿದ, ತೂಕದ ಕಾಯಿ ಚೀಲ ಸೇರಿ ಮಂಡಿಗೆ ಹೋಗುತ್ತದೆ. ಜೊಳ್ಳು, ಮುರುಕು, ಮಳೆಯಲ್ಲಿ ನೆನೆದು ಬಣ್ಣಗೆಟ್ಟ ಕಾಯಿ ಮನೆಯಲ್ಲಿ ಉಳಿಯುತ್ತದೆ. ಮನೆಯವರು ತಿನ್ನುವುದು ಈ ಉಳಿದದ್ದನ್ನು.

ಈ ರೂಢಿಯಿಂದ ಎರಡು ನಷ್ಟಗಳಿವೆ. ದುಬಾರಿ ಬೆಲೆಯ ಬಾದಾಮಿಗೆ ಸರಿಸಾಟಿಯಾದ ಆಹಾರವನ್ನು ಬೆಳೆದವನೇ ತಿನ್ನುವುದಿಲ್ಲ ಎಂಬುದು ಮೊದಲನೆಯದು. ಮನೆಯಲ್ಲಿ ಉಳಿಯುವ ಕೆಟ್ಟ ಕಾಯಿಯಲ್ಲಿ ಬೂಷ್ಟಿನ ವಿಷ ಸೇರಿರುವ ಸಂಭವ ಹೆಚ್ಚು ಎಂಬುದು ಎರಡನೆಯದು. ಕಡಲೆಬೀಜದಿಂದ ದೇಹಕ್ಕೆ ಏನು ಲಾಭ, ಆ ಲಾಭ ವಿಷವಾಗದಂತೆ ಹೊಲದಲ್ಲಿ, ಕಣದಲ್ಲಿ, ಅಡಿಗೆಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಬೆಲೆ ಬೇರೆ, ಸತ್ವ ಬೇರೆ

ಪೇಟೆಯ ಅಂಗಡಿಗಳಲ್ಲಿ ಬಾದಾಮಿ, ಆಕ್ರೋಟ, ಪಿಸ್ತಾಗಳ ಜೊತೆಗೆ ಈಗ ಪಿಕಾನ್ ಎಂಬ ಹೊರದೇಶದ ಬೀಜವೂ ಕಾಣಸಿಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗ ಹಾಗೂ ಮೆಕ್ಸಿಕೊ ಈ ಮರದ ತವರು. ನೋಡಲು ಆಕ್ರೋಟವನ್ನು ಹೋಲುತ್ತದೆ. ಇಂತಹ ಬೀಜಗಳು ಹೃದಯಕ್ಕೆ ಹಿತ ಎಂದು ಪತ್ರಿಕೆಗಳಲ್ಲಿ ಓದಿದವರು, ಅವು ಶ್ರೀಮಂತರ ಆಹಾರ, ನಮಗೇಕೆ ಎಂದು ಸುಮ್ಮನಾಗುವುದುಂಟು. ಆದರೆ 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ದಿನಕ್ಕೆ ಸುಮಾರು 42 ಗ್ರಾಂ ತಿಂದರೆ ಹೃದ್ರೋಗದ ಅಪಾಯ ಕಡಿಮೆಯಾಗಬಹುದು ಎಂದು ಹೇಳಿಕೊಳ್ಳಲು ಅನುಮತಿ ನೀಡಿದ ಬೀಜಗಳ ಪಟ್ಟಿಯಲ್ಲಿ ಪಿಕಾನ್, ಬಾದಾಮಿಗಳ ಸಾಲಿನಲ್ಲೇ ಕಡಲೆಬೀಜವೂ ಇದೆ. ಸಸ್ಯಶಾಸ್ತ್ರದ ಪ್ರಕಾರ ಕಡಲೆಕಾಯಿ ತೊಗರಿ, ಅವರೆಗಳ ಕುಲಕ್ಕೆ ಸೇರಿದ ದ್ವಿದಳ ಧಾನ್ಯ. ಆದರೆ ಸತ್ವದಲ್ಲಿ ಅದು ಬಾದಾಮಿಯ ಬಳಗದ್ದು.

100 ಗ್ರಾಂ ತೂಕದಲ್ಲಿ ಇರುವ ಸಸಾರಜನಕ ಮತ್ತು ಕೊಬ್ಬಿನ ಅಂಶವನ್ನು ಹೋಲಿಸಿ ನೋಡಿ. ಇವು ಸರಾಸರಿ ಅಂಕಿಗಳು. ತಳಿ, ಭೂಮಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ಕಡಲೆಬೀಜ: ಸಸಾರಜನಕ ಸುಮಾರು 25 ಗ್ರಾಂ, ಕೊಬ್ಬು 40 ರಿಂದ 49 ಗ್ರಾಂ
ಬಾದಾಮಿ: ಸಸಾರಜನಕ 21 ಗ್ರಾಂ, ಕೊಬ್ಬು 50 ಗ್ರಾಂ
ಪಿಕಾನ್: ಸಸಾರಜನಕ 9 ಗ್ರಾಂ, ಕೊಬ್ಬು 72 ಗ್ರಾಂ
ಜೋಳ: ಸಸಾರಜನಕ 10 ಗ್ರಾಂ, ಕೊಬ್ಬು 2 ಗ್ರಾಂ
ರಾಗಿ: ಸಸಾರಜನಕ 7 ಗ್ರಾಂ, ಕೊಬ್ಬು 1 ರಿಂದ 2 ಗ್ರಾಂ

ದೇಹ ಕಟ್ಟುವ ಸಸಾರಜನಕದಲ್ಲಿ ಕಡಲೆಬೀಜ ಪಿಕಾನಿಗಿಂತ ಎರಡೂವರೆ ಪಟ್ಟು ಮುಂದಿದೆ, ಬಾದಾಮಿಗಿಂತಲೂ ಒಂದು ಹೆಜ್ಜೆ ಮೇಲಿದೆ. ಕೊಬ್ಬು ಹೆಚ್ಚಿದೆಯಲ್ಲ ಎಂದು ಗಾಬರಿಪಡಬೇಕಾಗಿಲ್ಲ. ಆ ಕೊಬ್ಬಿನಲ್ಲಿ ಐದರಲ್ಲಿ ನಾಲ್ಕು ಪಾಲು ಅಪರ್ಯಾಪ್ತ ಜಾತಿಯದು. ತುಪ್ಪ, ವನಸ್ಪತಿಯಂತೆ ಇದು ರಕ್ತದ ಕೊಲೆಸ್ಟರಾಲನ್ನು ಏರಿಸುವುದಿಲ್ಲ. ಇದಲ್ಲದೆ ಗರ್ಭಿಣಿಯರಿಗೆ ಅತ್ಯಗತ್ಯವಾದ ಫೋಲೇಟ್, ಜೀವಸತ್ವ 'ಇ', ಮೆಗ್ನೀಸಿಯಂ, ಸತು, ನಾರು ಇವೆಲ್ಲ ಕಡಲೆಬೀಜದಲ್ಲಿ ಹೇರಳವಾಗಿವೆ.

ಮುದ್ದೆಗೂ ರೊಟ್ಟಿಗೂ ಜೊತೆ

ಬರಿಯ ಕಡಲೆಬೀಜವನ್ನೇ ತಿಂದು ಬದುಕಲಾಗದು. ಅದರ ಸಸಾರಜನಕದಲ್ಲಿ ಲೈಸಿನ್, ಮೆಥಿಯೋನಿನ್ ಎಂಬ ಅಂಶಗಳು ಕಡಿಮೆ. ರಾಗಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಬೇಳೆಗಳಲ್ಲಿ ಲೈಸಿನ್ ಚೆನ್ನಾಗಿದೆ. ಆದುದರಿಂದ ಮುದ್ದೆ, ಸಾರು, ಜೊತೆಗೊಂದಿಷ್ಟು ಕಡಲೆಬೀಜದ ಚಟ್ನಿ ಇದ್ದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣವಿದ್ದು, ಕಡಲೆಬೀಜದಲ್ಲಿ ಅದು 90 ರ ಆಸುಪಾಸಿನಲ್ಲಿದೆ. ಎರಡೂ ಕೂಡಿದರೆ ಮೂಳೆಗೂ ಮಾಂಸಕ್ಕೂ ಬೇಕಾದ್ದು ಒಂದೇ ಊಟದಲ್ಲಿ ಸಿಗುತ್ತದೆ.

ಜೋಳ ಉಣ್ಣುವ ಸೀಮೆಯವರಿಗೆ ಮತ್ತೊಂದು ಲಾಭವಿದೆ. 1960ರ ದಶಕದಲ್ಲಿ ಹೈದರಾಬಾದಿನ ಪೋಷಣಾ ವಿಜ್ಞಾನಿಗಳು, ವರ್ಷವಿಡೀ ಜೋಳವೊಂದನ್ನೇ ನೆಚ್ಚಿದ ದಖನ್ನಿನ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ರೋಗವನ್ನು ಅಭ್ಯಾಸ ಮಾಡಿದರು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿಗೆ ಮಂಕು ಕವಿಯುವುದು ಇದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದಕ್ಕೆ ಕಾರಣ. ಕಡಲೆಬೀಜ ನಯಾಸಿನ್ನಿನ ಆಗರ. ಒಂದು ಹಿಡಿ ಬೀಜ ತಿಂದರೆ ದಿನಕ್ಕೆ ಬೇಕಾದ ನಯಾಸಿನ್ನಿನ ಸುಮಾರು ಕಾಲು ಭಾಗ ದೊರೆಯುತ್ತದೆ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ತಿನ್ನುವ ಉತ್ತರ ಕರ್ನಾಟಕದ ರೂಢಿ ನಾಲಿಗೆಗಷ್ಟೇ ಅಲ್ಲ, ದೇಹಕ್ಕೂ ಒಪ್ಪುವಂಥದು.

ಹೃದಯದ ಮಾತು

ಬೀಜಗಳನ್ನು ತಿನ್ನುವವರ ಆಯುರಾರೋಗ್ಯದ ಬಗ್ಗೆ ಕಳೆದ ಮೂರು ದಶಕಗಳಲ್ಲಿ ಅನೇಕ ಅಧ್ಯಯನಗಳಾಗಿವೆ. ಅವುಗಳಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಜನರಿಗೆ ಹತ್ತಿರದ್ದು. ಅಮೆರಿಕದ ದಕ್ಷಿಣ ರಾಜ್ಯಗಳ, ಬಹುಪಾಲು ಬಡವರಾದ ಸುಮಾರು 72,000 ಜನರನ್ನೂ ಚೀನಾದ ಶಾಂಘಾಯಿ ನಗರದ 1,34,000 ಜನರನ್ನೂ ಅದರಲ್ಲಿ ವರ್ಷಗಟ್ಟಲೆ ಗಮನಿಸಲಾಯಿತು. ಅವರು ತಿಂದದ್ದರಲ್ಲಿ ದೊಡ್ಡ ಪಾಲು ಕಡಲೆಬೀಜವೇ. ಅತಿ ಕಡಿಮೆ ತಿನ್ನುವವರಿಗೆ ಹೋಲಿಸಿದರೆ ಹೆಚ್ಚು ತಿನ್ನುವವರಲ್ಲಿ ಸಾವಿನ ಪ್ರಮಾಣ ಶೇಕಡ 17 ರಿಂದ 21 ರಷ್ಟು ಕಡಿಮೆ ಇತ್ತು. ಹೃದ್ರೋಗದ ಸಾವುಗಳಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು.

ಇಂತಹ ಅಧ್ಯಯನಗಳನ್ನು ಎಚ್ಚರದಿಂದ ಓದಬೇಕು. ಬೀಜ ತಿನ್ನುವವರು ಇತರ ಒಳ್ಳೆಯ ಅಭ್ಯಾಸಗಳನ್ನೂ ಇಟ್ಟುಕೊಂಡಿರಬಹುದು. ಬೀಡಿ ಸೇದುತ್ತ, ಹೆಂಡ ಕುಡಿಯುತ್ತ ಕಡಲೆಬೀಜ ತಿಂದರೆ ಹೃದಯ ಉಳಿಯುತ್ತದೆ ಎಂದು ಯಾರೂ ಹೇಳಿಲ್ಲ. ಆದರೆ ಬೆಲೆಬಾಳುವ ಬೀಜಗಳಿಗೆ ಹೇಳುವ ಗುಣ ಅಗ್ಗದ ಕಡಲೆಬೀಜದಲ್ಲೂ ಕಂಡುಬಂದಿದೆ ಎಂಬುದು ನಾವು ಗಮನಿಸಬೇಕಾದ ಅಂಶ.

ಎಷ್ಟು ತಿನ್ನಬೇಕು, ಹೇಗೆ ತಿನ್ನಬೇಕು?

ದೊಡ್ಡವರಿಗೆ ದಿನಕ್ಕೆ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಸಾಕು. ಇದರಿಂದ 7 ಗ್ರಾಂಗೂ ಹೆಚ್ಚು ಸಸಾರಜನಕ, ಸುಮಾರು 170 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಹೊಲದಲ್ಲಿ ದುಡಿಯುವವರು ಇನ್ನಷ್ಟು ತಿಂದರೂ ತೊಂದರೆಯಿಲ್ಲ. ಕುಳಿತು ಕೆಲಸ ಮಾಡುವವರು ಊಟದ ಮೇಲೆ ಹೆಚ್ಚುವರಿಯಾಗಿ ತಿನ್ನದೆ, ಬೋಂಡ, ಬಿಸ್ಕತ್ತುಗಳ ಬದಲು ತಿನ್ನಬೇಕು.

ಹಸಿ ಬೀಜಕ್ಕಿಂತ ಹುರಿದದ್ದು ಅಥವಾ ಬೇಯಿಸಿದ್ದು ಸುಲಭವಾಗಿ ಜೀರ್ಣವಾಗುತ್ತದೆ. ಎಣ್ಣೆಯಲ್ಲಿ ಕರಿದು ಉಪ್ಪು ಖಾರ ಸವರಿದ ಬೀಜವನ್ನು, ಅದರಲ್ಲೂ ರಕ್ತದೊತ್ತಡ ಇರುವವರು, ದೂರವಿಡುವುದು ಲೇಸು. ಬೆಲ್ಲದ ಉಂಡೆ ಮಕ್ಕಳಿಗೆ ಒಳ್ಳೆಯದು, ಮಧುಮೇಹಿಗಳಿಗೆ ಅಲ್ಲ. ಚಟ್ನಿಗೆ, ಉಸಲಿಗೆ ನಿಂಬೆಹುಳಿ ಹಿಂಡಿದರೆ ಬೀಜದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜವನ್ನು ಎಂದಿಗೂ ಕೊಡಬಾರದು. ಶ್ವಾಸನಾಳಕ್ಕೆ ಸಿಕ್ಕಿ ಪ್ರಾಣಾಪಾಯವಾಗುವುದುಂಟು. ಹುರಿದು ನುಣ್ಣಗೆ ಪುಡಿ ಮಾಡಿ ರಾಗಿ ಗಂಜಿಗೆ ಬೆರೆಸಿ ಕೊಡಿರಿ. ಕೆಲವರಿಗೆ ಕಡಲೆಬೀಜ ಒಗ್ಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲಿ ತುಟಿ ಊದುವುದು, ಮೈಮೇಲೆ ದದ್ದು, ಉಸಿರಾಟಕ್ಕೆ ತೊಂದರೆ ಕಂಡುಬಂದರೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬಡವರ ಆಹಾರವಾಗಿ ಕಡಲೆಕಾಯಿ

ಬೆಳೆಯುವವನೇ ಇದನ್ನು ತಿನ್ನಬೇಕು ಎಂಬ ವಿಚಾರ ಹೊಸದಲ್ಲ. ಗುಲಾಮರ ಕುಟುಂಬದಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಮೆರಿಕದ ಅಲಬಾಮ ರಾಜ್ಯದ ಟಸ್ಕೀಗಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಹತ್ತಿಯೊಂದನ್ನೇ ಬೆಳೆದು ಭೂಮಿಯ ಸಾರ ಕಳೆದುಕೊಂಡ ಬಡ ಕಪ್ಪು ರೈತರಿಗೆ ಕಡಲೆಕಾಯಿ ಬೆಳೆಯಿರಿ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. 1916ರಲ್ಲಿ ಅವರು ಹೊರತಂದ ಕಿರುಹೊತ್ತಗೆಯಲ್ಲಿ ಬೇಸಾಯ ಕ್ರಮದ ಜೊತೆಗೆ ಕಡಲೆಬೀಜದ 105 ಬಗೆಯ ಅಡಿಗೆಗಳನ್ನೂ ಬರೆದರು.

ನಮ್ಮಲ್ಲಿ, 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು ಬೆರೆಸಿ, ಜೀವಸತ್ವಗಳನ್ನು ಕೂಡಿಸಿ, ಅಪೌಷ್ಟಿಕತೆಯಿಂದ ನರಳುವವರಿಗಾಗಿ ವಿವಿಧೋದ್ದೇಶ ಆಹಾರವನ್ನು ಸಿದ್ಧಪಡಿಸಿತು. ಕಡಲೆಕಾಯಿಯ ಸಸಾರಜನಕವನ್ನು ಹಾಲಿಗೆ ಕೂಡಿಸಿದ ಮಿಲ್ಟೋನ್ ಎಂಬ ಪಾನೀಯವೂ ಅದೇ ಸಂಶೋಧನಾಲಯದ ಕೊಡುಗೆ.

ಕಣ್ಣಿಗೆ ಕಾಣದ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತುಬಿದ್ದವು. ಹುಡುಕಿದಾಗ, ಬ್ರೆಜಿಲ್ ದೇಶದಿಂದ ತರಿಸಿ ಮೇವಿಗೆ ಬೆರೆಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ವಿಷವಿದ್ದುದು ಗೊತ್ತಾಯಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಹಳದಿ ಬಣ್ಣದ ಬೂಷ್ಟು ಹುಟ್ಟಿಸುವ ಈ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. 1974ರಲ್ಲಿ ನಮ್ಮ ದೇಶದ ಪಂಚಮಹಲ್ ಮತ್ತು ಬಾಂಸವಾಡಾ ಜಿಲ್ಲೆಗಳಲ್ಲಿ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ಸುಮಾರು 400 ಜನ ಕಾಮಾಲೆಯಿಂದ ನರಳಿದರು. ಅವರಲ್ಲಿ 106 ಮಂದಿ ತೀರಿಕೊಂಡರು. ಅದಕ್ಕೂ ಇದೇ ವಿಷ ಕಾರಣ.

ಇಷ್ಟು ಪ್ರಮಾಣದಲ್ಲಿ ವಿಷ ಸೇರುವುದು ಅಪರೂಪ. ಆದರೆ ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಪಿತ್ತಜನಕಾಂಗ, ಅಂದರೆ ಈಲಿಯ ಕ್ಯಾನ್ಸರಿಗೆ ದಾರಿಯಾಗುತ್ತದೆ. ಹೆಪಟೈಟಿಸ್ 'ಬಿ' ಸೋಂಕು ಇರುವವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಪಶ್ಚಿಮ ಆಫ್ರಿಕದ ಬೆನಿನ್ ಮತ್ತು ಟೋಗೊ ದೇಶಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಲ್ಲಿ ಈ ವಿಷದ ಗುರುತು ಹೆಚ್ಚಿದ್ದ ಮಕ್ಕಳು ಎತ್ತರ, ತೂಕ ಎರಡರಲ್ಲೂ ಹಿಂದೆ ಬಿದ್ದಿದ್ದರು.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೇಯಿಸಿದರೆ ಹೋಗುವುದಿಲ್ಲ. ಹುರಿದರೆ ಸ್ವಲ್ಪ ಕಡಿಮೆಯಾಗಬಹುದಷ್ಟೆ. ಸಮಾಧಾನದ ಸಂಗತಿ ಎಂದರೆ ಇದು ರಾಶಿಯ ಎಲ್ಲ ಬೀಜಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಮುರುಟಿದ, ಬಣ್ಣಗೆಟ್ಟ, ಹುಳು ಕೊರೆದ, ಒಡೆದ ಕೆಲವೇ ಬೀಜಗಳಲ್ಲಿ ವಿಷದ ಬಹುಪಾಲು ತುಂಬಿರುತ್ತದೆ. ಆದುದರಿಂದ ಕೆಟ್ಟ ಬೀಜವನ್ನು ಆರಿಸಿ ತೆಗೆಯುವ ಕೆಲಸ ಔಷಧಿಗಿಂತ ಮಿಗಿಲು. ಆರಿಸಿ ಬಿಟ್ಟದ್ದನ್ನು ಮನೆಗೆ ಇಟ್ಟುಕೊಳ್ಳುವ ರೂಢಿ ಏಕೆ ಅಪಾಯಕರ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಹೊಲದಲ್ಲಿ ಮತ್ತು ಕಣದಲ್ಲಿ

ಬೂಷ್ಟು ಅಂಟುವುದು ಉಗ್ರಾಣದಲ್ಲಿ ಮಾತ್ರವಲ್ಲ. ಕೊಯ್ಲಿಗೆ ಮುಂಚಿನ ಮೂರು ನಾಲ್ಕು ವಾರ ಮಳೆ ಕೈಕೊಟ್ಟು ನೆಲ ಕಾದರೆ ಮಣ್ಣಿನೊಳಗೇ ಕಾಯಿಗೆ ಸೋಂಕು ತಗಲುತ್ತದೆ. ಈ ಕೆಳಗಿನ ಕ್ರಮಗಳನ್ನು ಅನುಸರಿಸಿರಿ.

1. ಬಿತ್ತುವ ಮುನ್ನ ಪ್ರತಿ ಕಿಲೊ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸಿರಿ. ಕೊಟ್ಟಿಗೆ ಗೊಬ್ಬರ ಸಾಕಷ್ಟು ಹಾಕಿರಿ.

2. ಹೂ ಬಂದು ಊಡು ಮಣ್ಣಿಗಿಳಿಯುವ ಹೊತ್ತಿಗೆ ಎಕರೆಗೆ 200 ಕಿಲೊ ಜಿಪ್ಸಂ ಹಾಕಿ ಮಣ್ಣು ಏರಿಸಿರಿ. ಸುಣ್ಣದ ಅಂಶ ದೊರೆತ ಕಾಯಿಯ ಸಿಪ್ಪೆ ಗಟ್ಟಿಯಾಗುತ್ತದೆ, ಬೂಷ್ಟು ಸುಲಭವಾಗಿ ಒಳಹೊಗದು.

3. ನೀರಿನ ಅನುಕೂಲವಿದ್ದರೆ ಕೊನೆಯ ವಾರಗಳ ಬರಗಾಲದಲ್ಲಿ ಒಂದು ಸಲವಾದರೂ ನೀರು ಕೊಡಿರಿ. ಗೆದ್ದಲು ಕಂಡರೆ ಹತೋಟಿ ಮಾಡಿರಿ. ಗೆದ್ದಲು ಕೆರೆದ ಕಾಯಿಯೊಳಗೆ ಬೂಷ್ಟು ಸುಲಭವಾಗಿ ನುಗ್ಗುತ್ತದೆ.

4. ಕೆಲವು ಗಿಡ ಕಿತ್ತು ಕಾಯಿ ಒಡೆದು ನೋಡಿರಿ. ನೂರರಲ್ಲಿ ಎಪ್ಪತ್ತೈದು ಕಾಯಿಗಳ ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ಕೊಯ್ಲಿನ ಕಾಲ ಬಂದಿದೆ. ತಡ ಮಾಡಿದರೆ ಸೋಂಕು ಹೆಚ್ಚುತ್ತದೆ. ಟಿಎಂವಿ-2 ರಂತಹ ಗೊಂಚಲು ತಳಿಗಳು ಆಗ ಮಳೆ ಬಂದರೆ ಮಣ್ಣಿನಲ್ಲೇ ಮೊಳೆಯುತ್ತವೆ.

5. ಒಣಗಿ ಸತ್ತ ಗಿಡಗಳ ಕಾಯಿಯನ್ನು ಬೇರೆಯಾಗಿ ಕಿತ್ತು ಬೇರೆಯಾಗಿಯೇ ಇಡಿರಿ. ಗುದ್ದಲಿ, ಕುಂಟೆ ತಾಗಿ ಒಡೆದ ಕಾಯಿಯನ್ನೂ ರಾಶಿಗೆ ಬೆರೆಸಬಾರದು.

6. ಕಿತ್ತ ಗಿಡವನ್ನು ಹಸಿಯಾಗಿ ಮೆದೆ ಒಟ್ಟಬಾರದು. ಕಾಯಿ ಮೇಲ್ಮುಖವಾಗುವಂತೆ ಸಾಲಾಗಿ ಹರಡಿ ಎರಡು ಮೂರು ದಿನ ಒಣಗಿಸಿರಿ. ಬಿಡಿಸಿದ ಕಾಯಿಯನ್ನು ಮತ್ತೆ ಮೂರು ನಾಲ್ಕು ದಿನ ತೆಳುವಾಗಿ ಹರಡಿ ಒಣಗಿಸಿರಿ. ಬೀಜದ ತೇವಾಂಶ ಶೇಕಡ 8 ಕ್ಕಿಂತ ಕೆಳಗಿಳಿಯಬೇಕು. ಅಲುಗಿಸಿದರೆ ಕಾಯಿ ಗಲಗಲ ಎನ್ನಬೇಕು, ಉಜ್ಜಿದರೆ ಬೀಜದ ಹೊಟ್ಟು ಬಿಡಬೇಕು.

7. ಸುಲಿಯಲು ಸುಲಭವೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವನ್ನು ಬಿಡಿರಿ. ಹಲವು ದಿನ ಒಣಗಿಸಿದ ಶ್ರಮವನ್ನು ಒಂದು ಕೊಡ ನೀರು ಹಾಳುಮಾಡುತ್ತದೆ.

ಅಡಿಗೆಮನೆಯಲ್ಲಿ

ಮನೆಗೆ ಬೇಕಾದದ್ದನ್ನು ಬೀಜವಾಗಿ ಅಲ್ಲ, ಕಾಯಿಯಾಗಿಯೇ ಇಡಬೇಕು. ಸಿಪ್ಪೆಯೇ ಅದಕ್ಕೆ ಕವಚ. ಹೊಸ ಚೀಲದಲ್ಲಿ ತುಂಬಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗಾಳಿಯಾಡುವ ಕಡೆ ಇಡಿರಿ. ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಸುಲಿದುಕೊಳ್ಳಿರಿ. ಸುಲಿದ ಬೀಜವನ್ನು ಮೊರದಲ್ಲಿ ಹರಡಿ, ಬೆಳಕಿನಲ್ಲಿ, ಬೂಷ್ಟು ಹಿಡಿದ, ಮುರುಟಿದ, ಕಪ್ಪಾದ ಬೀಜವನ್ನು ಆರಿಸಿ ತೆಗೆಯಿರಿ. ಹುರಿದು ಹೊಟ್ಟು ತೆಗೆದ ಮೇಲೆ ಇನ್ನೊಮ್ಮೆ ನೋಡಿರಿ. ಒಳಗಿನ ಕಲೆ ಆಗ ಕಾಣುತ್ತದೆ. ತಿನ್ನುವಾಗ ಕಹಿ ಎನಿಸಿದರೆ ನುಂಗದೆ ಉಗುಳಿಬಿಡಿ ಎಂದು ಮಕ್ಕಳಿಗೆ ಹೇಳಿಕೊಡಿರಿ.

ಕೆಟ್ಟ ಬೀಜವನ್ನು ಗಾಣಕ್ಕೆ ಹಾಕಿದರಾಯಿತು ಎಂದುಕೊಳ್ಳಬೇಡಿ. ಗಾಣದ ಎಣ್ಣೆಗೂ ವಿಷದ ಒಂದು ಅಂಶ ಇಳಿಯುತ್ತದೆ, ಬಹುಪಾಲು ಹಿಂಡಿಯಲ್ಲಿ ನಿಲ್ಲುತ್ತದೆ. ಆ ಹಿಂಡಿಯನ್ನು ತಿಂದ ಹಸುವಿನ ಹಾಲಿನ ಮೂಲಕ ಅದು ಮತ್ತೆ ಮನೆಯ ಮಕ್ಕಳಿಗೇ ಬರುತ್ತದೆ. ಕೋಳಿಗಳಿಗೂ ಹಾಕಬಾರದು. ಮಣ್ಣಿನಲ್ಲಿ ಆಳವಾಗಿ ಹೂಳುವುದು ಅಥವಾ ಸುಡುವುದೇ ಸರಿ.

ಇನ್ನೊಂದು ಎಚ್ಚರಿಕೆ: ಬಿತ್ತನೆಗೆಂದು ಥೈರಮ್, ಕ್ಯಾಪ್ಟಾನ್ ಮೊದಲಾದ ಔಷಧಿ ಲೇಪಿಸಿದ ಬೀಜ ಉಳಿದರೆ ತೊಳೆದೋ ಹುರಿದೋ ತಿನ್ನುವುದು, ಗಾಣಕ್ಕೆ ಹಾಕುವುದು ಸರ್ವಥಾ ಕೂಡದು.

ಮನೆಯ ಪಾಲು ಎಷ್ಟು?

ಐದು ಜನರ ಕುಟುಂಬಕ್ಕೆ ತಲೆಗೆ 30 ಗ್ರಾಂನಂತೆ ದಿನಕ್ಕೆ 150 ಗ್ರಾಂ ಬೀಜ ಬೇಕು. ವರ್ಷಕ್ಕೆ ಸುಮಾರು 55 ಕಿಲೊ ಆಯಿತು. ನೂರು ಕಿಲೊ ಕಾಯಿಗೆ ಎಪ್ಪತ್ತು ಕಿಲೊ ಬೀಜದ ಲೆಕ್ಕದಲ್ಲಿ ಸುಮಾರು 80 ಕಿಲೊ ಕಾಯಿ. ಮಳೆಯಾಶ್ರಯದಲ್ಲಿ ಎಕರೆಗೆ ಮೂರು ನಾಲ್ಕು ಕ್ವಿಂಟಾಲ್ ಬಂದರೂ ಇದು ಒಂದು ಎಕರೆಯ ಕಾಲು ಭಾಗದಷ್ಟು ಫಸಲು. ಸಾಲದ ಹೊರೆ ಹೊತ್ತ ಸಣ್ಣ ಹಿಡುವಳಿದಾರನಿಗೆ ಇದು ಹಗುರವಾದ ಮಾತಲ್ಲ. ಅಷ್ಟು ಸಾಧ್ಯವಾಗದವರು ಅರ್ಧವನ್ನಾದರೂ ಉಳಿಸಿ, ಮೊದಲು ಮಕ್ಕಳಿಗೆ, ಗರ್ಭಿಣಿಯರಿಗೆ, ಮೊಲೆಯೂಡುವ ತಾಯಂದಿರಿಗೆ ಕೊಡಬೇಕು. ಮಂಡಿಯಲ್ಲಿ ಮಾರಿದ ಹಣದಿಂದ ಅಷ್ಟೇ ಸಸಾರಜನಕವನ್ನು ಬೇಳೆ, ಹಾಲು, ಮೊಟ್ಟೆಗಳ ರೂಪದಲ್ಲಿ ಕೊಂಡು ತರಲು ಏನು ಬೆಲೆಯಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿರಿ.

ಕಣದಲ್ಲಿ ರಾಶಿ ಬಿದ್ದಾಗ ಮುಂದಿನ ಬಿತ್ತನೆಗೆಂದು ಒಳ್ಳೆಯ ಕಾಯಿಯನ್ನು ನೋಡಿ ತೆಗೆದಿಡುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಎಂತಹ ಕಷ್ಟ ಬಂದರೂ ರೈತನು ಬೀಜದ ಕಾಯಿಗೆ ಕೈಹಾಕುವುದಿಲ್ಲ. ಅದೇ ರಾಶಿಯಿಂದ, ಅಷ್ಟೇ ಒಳ್ಳೆಯ ಕಾಯಿಯಿಂದ, ಮನೆಯ ಪಾಲನ್ನೂ ಮೊದಲೇ ತೆಗೆದಿಟ್ಟು ಉಳಿದದ್ದನ್ನು ಮಂಡಿಗೆ ಕಳುಹಿಸಿರಿ.